ಡೆಲ್ಫೀನಳ ಹಳ್ಳ, ನೆಡ್ರಾಳ ಬೋಗುಣಿ

ಡೆಲ್ಫೀನ್ ಕ್ರೌಡರ್ ಬರುತ್ತಿದ್ದಾಳೆಂದರೆ ನಮ್ಮ ಕಣಿವೆಯ ಗಂಡಸರು ಕೈಯಲ್ಲಿದ್ದ ನೀರಿನ ಪೈಪನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ತಪ್ಪು ಮಾಡಿರಬೇಕೆಂದೇನೂ ಇಲ್ಲ. ಸ್ವಂತ ಟ್ಯಾಂಕಿನ ಮಳೆನೀರಿನಲ್ಲಿ ನಾಯಿಗೆ ಸ್ನಾನ ಮಾಡಿಸುತ್ತಿದ್ದರೂ ಸರಿ, ಅವಳನ್ನು ಕಂಡೊಡನೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿಹೋಗಿತ್ತು. ಎಪ್ಪತ್ತಾರು ವರ್ಷದ ಮುದುಕಿ, ಐದಡಿಯೂ ಇಲ್ಲದ ಆಳು, ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲೊಂದು ಬಕೆಟ್ಟು. ಬಾಯಿ ಮಾತ್ರ ಟಿನ್‌ಕಪ್ ಹಳ್ಳದ ಈ ತುದಿಯಲ್ಲಿ ತೆರೆದರೆ ಆ ತುದಿಗೆ ಕೇಳಿಸುವಂಥದ್ದು.

"ಯಾರಪ್ಪಾ ಅದು ನೀರು ಸುರೀತಿರೋದು? ನಿಮ್ಮಪ್ಪ ಮೋಡ ಕೊಂಡುಕೊಂಡಿದ್ದಾನಾ?"

ಬೈದು ಮುಗಿಸಿದ ಮೇಲೆ ಚೀಲದಿಂದ ತನ್ನ ಹಿತ್ತಲ ಮುಳ್ಳುಪೊದೆಯ ಬ್ಲ್ಯಾಕ್‌ಬೆರಿ ಹಣ್ಣಿನ ಒಂದು ಬಾಟಲಿ ಜಾಮ್ ತೆಗೆದು ಕೈಗಿಡುತ್ತಿದ್ದಳು. ಹಾಗಾಗಿ ಬೈಸಿಕೊಳ್ಳುವುದರಲ್ಲೂ ಒಂದು ಲಾಭವಿತ್ತು.

ಅವಳ ತೋಟ ದೊಡ್ಡದೇನಲ್ಲ, ಬಿಸಿಲು ಬೀಳುವ ಇಳಿಜಾರಿನಲ್ಲಿ ಐವತ್ತು ಗಾಂಜಾ ಗಿಡ. ಅದಕ್ಕೆ ಸರ್ಕಾರ ಕೊಟ್ಟ ಲೈಸೆನ್ಸಿನ ಕಾಗದವನ್ನು ಚೌಕಟ್ಟು ಹಾಕಿಸಿ, ಅಡುಗೆಮನೆಯಲ್ಲಿ ಗಂಡನ ಫೋಟೋದ ಪಕ್ಕ ನೇತುಹಾಕಿದ್ದಳು. ನಮ್ಮ ಹಂಬೋಲ್ಟ್ ಬೆಟ್ಟಗಳಲ್ಲಿ ಮೂವತ್ತು ನಲವತ್ತು ವರ್ಷ ಪೊಲೀಸ್ ಹೆಲಿಕಾಪ್ಟರಿಗೆ ಹೆದರಿ ಮರದ ನೆರಳಲ್ಲಿ ಕದ್ದು ಬೆಳೆದವರಿಗೆ ಆ ಕಾಗದದ ಬೆಲೆ ಗೊತ್ತು. ಗಿಡದ ಬುಡಕ್ಕೆ ಗೇಣುದ್ದ ಹುಲ್ಲು ಹೊದಿಸುತ್ತಿದ್ದಳು. ಬೆಳಗಿನ ಜಾವ ಬೆರಳನ್ನು ಮಣ್ಣಿಗೆ ಚುಚ್ಚಿ, ಎರಡನೇ ಗಿಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು; ಇಲ್ಲದಿದ್ದರೆ ಗಿಡ ಎಷ್ಟು ಗೋಗರೆದರೂ ಇಲ್ಲ. ಇಲಿಗೆ ವಿಷ ಇಡುವವರನ್ನು ಕಂಡರೆ ಉರಿದು ಬೀಳುತ್ತಿದ್ದಳು. ಆ ವಿಷ ತಿಂದ ಇಲಿಯನ್ನು ಗೂಬೆ ತಿಂದು ಸಾಯುತ್ತದೆ, ಗೂಬೆ ಸತ್ತರೆ ಇಲಿ ಹೆಚ್ಚುತ್ತದೆ, ಇಷ್ಟು ಲೆಕ್ಕ ಬರದವನು ತೋಟ ಯಾಕೆ ಮಾಡಬೇಕು ಎನ್ನುವುದು ಅವಳ ವಾದ. ಗೂಬೆಗಳಿಗೆಂದು ಅವಳೇ ಮೂರು ಮರದ ಪೆಟ್ಟಿಗೆ ಕಟ್ಟಿದ್ದಳು. ಎರಡರಲ್ಲಿ ಅಳಿಲು ಸಂಸಾರ ಹೂಡಿತ್ತು, ಆ ಮಾತು ಎತ್ತುವಂತಿರಲಿಲ್ಲ.

ಹಿಡಿಗಳ ಹಲಗೆಯೂ ಅವಳದೇ ಬುದ್ಧಿ. ನಮ್ಮಲ್ಲಿ ಚಳಿಗಾಲವೆಲ್ಲ ಮಳೆ, ಬೇಸಿಗೆಯೆಲ್ಲ ಬಿಸಿಲು. ಆದ್ದರಿಂದ ಮಳೆಗಾಲದಲ್ಲಿ ಟ್ಯಾಂಕು, ಹೊಂಡ ತುಂಬಿಸಿಟ್ಟುಕೊಂಡು ಬೇಸಿಗೆಯಲ್ಲಿ ಅದನ್ನೇ ಬಳಸಬೇಕು, ಹಳ್ಳವನ್ನು ಮುಟ್ಟಬಾರದು. ಜೂನ್ ತಿಂಗಳ ಮೊದಲ ಭಾನುವಾರ ಕಣಿವೆಯ ಹತ್ತೊಂಬತ್ತು ಮನೆಯವರೂ ತಂತಮ್ಮ ಹಳ್ಳದ ಪೈಪಿನ ವಾಲ್ವು ಮುಚ್ಚಿ, ಅದರ ಹಿಡಿ ಬಿಚ್ಚಿ ತರುತ್ತಾರೆ. ಬೆಂಕಿ ಆರಿಸುವ ಲಾರಿ ನಿಲ್ಲಿಸುವ ಶೆಡ್ಡಿನಲ್ಲಿ ಒಂದು ಹಲಗೆಯಿದೆ, ಹೆಸರಿಗೊಂದು ಮೊಳೆ. ಹಿಡಿಯನ್ನು ಅಲ್ಲಿ ನೇತುಹಾಕಿ, ಎಲ್ಲರೂ ತಂದ ಅಡುಗೆಯನ್ನು ಹಂಚಿಕೊಂಡು ಉಂಡು ಹೋಗುವುದು. ಮೊದಲ ದೊಡ್ಡ ಮಳೆ ಬಿದ್ದ ಮೇಲೆಯೇ ಹಿಡಿ ವಾಪಸ್ಸು. ನಡುವೆ ಯಾರಾದರೂ ಹಳ್ಳದ ನೀರು ಕದ್ದರೆ, ಮಳೆ ಬರುವ ತನಕ ತಮ್ಮ ಸ್ವಂತ ಟ್ಯಾಂಕಿನ ನೀರನ್ನು ಹಳ್ಳಕ್ಕೆ ಬಿಡಬೇಕು, ಗಿಡ ಒಣಗಿದರೆ ಒಣಗಲಿ. ಈ ಕೊನೆಯ ನಿಯಮವನ್ನು ಬರೆಸುವಾಗ ಡೆಲ್ಫೀನಳ ಮನಸ್ಸಿನಲ್ಲಿ ಯಾರಿದ್ದರು ಎನ್ನುವುದು ನಮಗೆಲ್ಲ ಗೊತ್ತಿತ್ತು.

ಹಳ್ಳದ ಆಚೆ ದಡದ ನೆಡ್ರಾ ವಿಂಕ್ಲರ್. ಇಬ್ಬರೂ ಇಪ್ಪತ್ತರ ಹರೆಯದಲ್ಲಿ ಒಂದೇ ಹಳೆಯ ಬ್ರೆಡ್ಡಿನ ವ್ಯಾನಿನಲ್ಲಿ ಈ ಕಣಿವೆಗೆ ಬಂದವರು, ಒಂದೇ ಗುಡಾರದಲ್ಲಿ ಎರಡು ಮಳೆಗಾಲ ಕಳೆದವರು. ಡೆಲ್ಫೀನಳ ಹೆರಿಗೆ ಮಾಡಿಸಿದವಳೇ ನೆಡ್ರಾ. ಅಂಥ ಸ್ನೇಹ ಮುರಿದದ್ದು ಒಂದು ಬೋಗುಣಿಯಿಂದ. ಡೆಲ್ಫೀನಳಿಗೆ ತಾಯಿ ಕೊಟ್ಟಿದ್ದ, ನೀಲಿ ಬಣ್ಣದ, ತಳದಲ್ಲಿ ನಕ್ಷತ್ರದಾಕಾರಕ್ಕೆ ತೂತುಗಳಿದ್ದ ಬಸಿಯುವ ಬೋಗುಣಿ ಅದು. ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಯಲ್ಲಿ ನೆಡ್ರಾಳ ಮನೆಯ ಊಟಕ್ಕೆ ಅದರಲ್ಲಿ ಜೋಳ ಬಸಿದು ಕೊಟ್ಟಿದ್ದಳು, ಮರಳಿ ಬರಲಿಲ್ಲ.

"ಪ್ಲಮ್ ಹಣ್ಣು ತುಂಬಿ ನಿನ್ನ ಮನೆ ಮೆಟ್ಲ ಮೇಲೇ ಇಟ್ಟು ಬಂದಿದೀನಿ ಕಣೇ," ಎಂದಳು ನೆಡ್ರಾ.

"ಹಾಗಾದ್ರೆ ಅದಕ್ಕೆ ಕಾಲು ಬಂತಾ?" ಎಂದಳು ಡೆಲ್ಫೀನ್.

ಒಂದಕ್ಕೊಂದು ಮಾತು ಬೆಳೆಯಿತು. ಅಲ್ಲಿಂದ ಮೂವತ್ತೇಳು ವರ್ಷ ಇಬ್ಬರ ನಡುವೆ ಚುಚ್ಚುಮಾತು ಬಿಟ್ಟು ಬೇರೆ ಮಾತಿಲ್ಲ.

ಇನ್ನು ಆ ಮೂವತ್ತೇಳನೇ ವರ್ಷದ ಆಗಸ್ಟ್ ವಿಷಯ. ಸೇತುವೆಯ ಕೆಳಗಿನ ಗುಂಡಿಯಲ್ಲಿ ಅರವತ್ತನಾಲ್ಕು ಸಾಲ್ಮನ್ ಮರಿಗಳಿದ್ದವು. ಡೆಲ್ಫೀನ್ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು, ದಡದಲ್ಲಿ ಬೋರಲು ಮಲಗಿ ಎಣಿಸುತ್ತಿದ್ದಳು. ಹಳ್ಳದಲ್ಲಿ ಹುಟ್ಟಿ, ಒಂದು ಬೇಸಿಗೆ ಇಲ್ಲಿಯೇ ಕಳೆದು, ಆಮೇಲೆ ಸಮುದ್ರಕ್ಕೆ ಹೋಗುವ ಮೀನು ಅದು. ಅವಳು ಬಂದ ಹೊಸದರಲ್ಲಿ ದೊಡ್ಡ ಮೀನುಗಳು ಸಮುದ್ರದಿಂದ ಹಿಂತಿರುಗುವಾಗ ನಿದ್ದೆ ಬಾರದಷ್ಟು ಸದ್ದಾಗುತ್ತಿತ್ತಂತೆ. ಆಮೇಲೆ ನಾವೆಲ್ಲ ಸೇರಿ ಹಳ್ಳವನ್ನು ಕುಡಿದೆವು, ಮೀನು ನಿಂತುಹೋಯಿತು. ಹಲಗೆ ಬಂದ ಆರನೇ ವರ್ಷ ಈ ಅರವತ್ತನಾಲ್ಕು ಕಾಣಿಸಿಕೊಂಡಿದ್ದವು. ಡೆಲ್ಫೀನ್ ಅವನ್ನು 'ನನ್ನ ಮಕ್ಕಳು' ಎನ್ನುತ್ತಿದ್ದಳು, ನಾಚಿಕೆಯಿಲ್ಲದೆ.

ಗುಂಡಿ ಕುಗ್ಗುತ್ತಿತ್ತು. ಮೀನಿನ ಲೆಕ್ಕ ಇಡುವ ಇಮೆಲ್ಡಾ ಒಚೋವ ಹಳ್ಳದ ಎರಡು ಕಡೆ ಸೀಳಿದ ಕೊಳವೆಯಂಥ ತಗಡಿನ ದಂಬೆ ಇಟ್ಟು, ಅದರಿಂದ ಬೀಳುವ ನೀರಿಗೆ ಬಕೆಟ್ಟು ಹಿಡಿದು, ತುಂಬಲು ಎಷ್ಟು ಹೊತ್ತು ಎಂದು ಅಳೆದು ನೋಡಿದಳು.

"ಡೆಲ್ಫೀನ್ ಅವ್ರೇ, ಮೇಲ್ಗಡೆ ಎಂಟು ಸೆಕೆಂಡಿಗೆ ಬಕೆಟ್ ತುಂಬ್ತು. ಇಲ್ಲಿ ಇಪ್ಪತ್ತೆರಡು ಬೇಕಾಯ್ತು. ನಡುವೆ ಎಲ್ಲೋ ನೀರು ಮಾಯ ಆಗ್ತಿದೆ."

"ಮಾಯ ಆಗೋಕೆ ಅದೇನು ದೆವ್ವಾನಾ? ಯಾರೋ ಎಳೀತಿದಾರೆ."

"ನಡುವೆ ಇರೋದು ಎರಡೇ ಜಮೀನು..."

"ಗೊತ್ತು ಬಿಡು. ಒಂದು ನಂದು. ಇನ್ನೊಂದು ಅವಳ್ದು."

"ಇನ್ನು ಎರಡು ವಾರ ಹೀಗೇ ಆದ್ರೆ ಗುಂಡಿ ಒಣಗುತ್ತೆ. ಒಂದು ಮರೀನೂ ಉಳಿಯಲ್ಲ," ಎಂದಳು ಇಮೆಲ್ಡಾ.

ಸುದ್ದಿ ಸಂಜೆಯೊಳಗೆ ಕಣಿವೆಯಲ್ಲೆಲ್ಲ ಹರಡಿತು. ಕೆಳದಂಡೆಯ ಹೋಬರ್ಟ್ ಹಲಗೆಯ ಮುಂದೆ ನಿಂತು ತನ್ನ ಹಿಡಿಯನ್ನೇ ದಿಟ್ಟಿಸುತ್ತಿದ್ದ. "ಯಾರೋ ಕದೀತಿದ್ರೆ ನಾನೊಬ್ಬ ಯಾಕೆ ಸತ್ಯಹರಿಶ್ಚಂದ್ರ ಆಗ್ಲಿ? ಭಾನುವಾರ ಶೆಡ್ಡಲ್ಲಿ ಸಭೆ, ಊಟ ಇದೆಯಲ್ಲ, ಅಲ್ಲೀ ತನಕ ನೋಡ್ತೀನಿ. ಕಳ್ಳ ಸಿಕ್ಕಿಲ್ಲ ಅಂದ್ರೆ ನನ್ನ ಹಿಡಿ ನಾನು ತಗೊಂಡು ಹೋಗ್ತೀನಿ," ಎಂದ. ಅವನ ಹಿಂದೆ ಇನ್ನೂ ನಾಲ್ಕೈದು ಜನ ತಲೆದೂಗಿದರು. ಒಂದು ಹಿಡಿ ಇಳಿದರೆ ಹತ್ತೊಂಬತ್ತೂ ಇಳಿದಂತೆ ಎನ್ನುವುದು ಡೆಲ್ಫೀನಳಿಗೆ ಗೊತ್ತಿತ್ತು. ಮೀನೂ ಹೋಯಿತು, ಹಲಗೆಯೂ ಹೋಯಿತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಬಕೆಟ್ಟು ಎತ್ತಿಕೊಂಡು ಹಳ್ಳ ದಾಟಿದಳು.

ನೆಡ್ರಾ ಜಗುಲಿಯಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಉದ್ದನೆಯ, ನಿಧಾನದ ಹೆಂಗಸು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಹಾಕಿಕೊಂಡೇ ಹೊರಗೆ ಬರುವ ಜಾಯಮಾನ.

"ಎಲ್ಲಿ ಬಚ್ಚಿಟ್ಟಿದೀಯೇ ಎರಡನೇ ಪೈಪಿನ ಹಿಡಿ?" ಎಂದು ಅಂಗಳದಿಂದಲೇ ಕೂಗಿದಳು ಡೆಲ್ಫೀನ್.

"ಬಾ ಮಾರಾಯ್ತಿ. ಮೂವತ್ತೇಳು ವರ್ಷದ ಮೇಲೆ ಬರ್ತಿದೀಯ, ಕೂತ್ಕೊಂಡೇ ಬಯ್ಯಿ."

"ಬೋಗುಣಿ ನುಂಗಿದೆ, ಸುಮ್ನಿದ್ದೆ. ಈಗ ಹಳ್ಳಾನೂ ನುಂಗ್ತೀಯಾ?"

"ಸುಮ್ನಿದ್ಯಾ? ನೀನು?" ನೆಡ್ರಾ ಹುರುಳಿಕಾಯಿ ಕೆಳಗಿಟ್ಟಳು. "ಹೋಗು, ಹುಡುಕು. ಮಂಚದ ಕೆಳಗೂ ನೋಡು. ಪೈಪು ಸಿಕ್ಕಿದ್ರೆ ನನ್ನ ಕೊರಳಿಗೇ ಸುತ್ತು."

ಡೆಲ್ಫೀನ್ ಹುಡುಕಿದಳು, ಬಿಡಲಿಲ್ಲ. ದಂಡೆಯುದ್ದಕ್ಕೂ ಕೋಲಿನಿಂದ ಕುಕ್ಕಿದಳು, ಟ್ಯಾಂಕಿನ ಸುತ್ತ ಮೂರು ಸಲ ಬಂದಳು, ಕೋಳಿಗೂಡಿನೊಳಗೂ ತಲೆ ಹಾಕಿದಳು. ಏನೂ ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಜಗುಲಿಗೆ ಬಂದಾಗ ನೆಡ್ರಾ ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದಳು. ಬಾಟಲಿಯ ಮೇಲೆ ಡೆಲ್ಫೀನಳದೇ ಕೈಬರಹ.

"ಇದು ನಿನಗೆಲ್ಲಿಂದ ಬಂತು? ನಿನಗೆ ಕೊಟ್ಟಿಲ್ವಲ್ಲ ನಾನು."

"ಗೊತ್ತು ಕಣೆ, ಊರಿಗೆಲ್ಲ ಕೊಟ್ಟು ನನಗೊಬ್ಬಳಿಗೆ ಬಿಟ್ಟಿದೀಯ. ಹೋಬರ್ಟ್ ಕೊಟ್ಟ. ಚೆನ್ನಾಗಿದೆ." ನೆಡ್ರಾ ಚಮಚದಲ್ಲಿ ಒಂದು ಇಡೀ ಬ್ಲ್ಯಾಕ್‌ಬೆರಿ ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಷ್ಟು ದಪ್ಪಗಿತ್ತು. "ಒಂದು ಮಾತು ಕೇಳ್ತೀನಿ. ನನ್ನ ಬೇಲಿ ಹಣ್ಣು ನೋಡು, ಕಾಳುಮೆಣಸಿನ ಥರ ಒಣಗಿ ಕೂತಿದೆ. ಇಡೀ ಕಣಿವೇಲಿ ಹಾಗೇ. ನಿನ್ನ ಹಿತ್ತಲ ಪೊದೆಗೆ ಮಾತ್ರ ಇಷ್ಟು ರಸ ಎಲ್ಲಿಂದ ಬಂತು?"

"ನನ್ನ ಗೊಬ್ಬರ. ಹೊದಿಕೆ ಹಾಕೋದು ಕಲೀರಿ ಅಂತ ಬಡ್ಕೋತೀನಲ್ಲ, ಅದಕ್ಕೇ."

"ಪೊದೆಗೆ ಗೊಬ್ಬರ ಹಾಕಿದ್ಯಾ?"

ಡೆಲ್ಫೀನ್ ತನ್ನ ದಡದ ಪೊದೆಯ ಕಡೆ ತಿರುಗಿ ನೋಡಿದಳು. ಹಾಕಿರಲಿಲ್ಲ. ಆ ಮುಳ್ಳಿನೊಳಗೆ ಅವಳು ಹತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ, ಅಂಚಿನಲ್ಲಿ ನಿಂತು ಹಣ್ಣು ಕೊಯ್ದು ಬರುತ್ತಿದ್ದಳು ಅಷ್ಟೆ.

ಇಬ್ಬರೂ ಹಳ್ಳ ದಾಟಿದರು. ನೆಡ್ರಾ ಕತ್ತಿ ತಂದಿದ್ದಳು. ಮುಳ್ಳು ಸವರುತ್ತಾ ಹತ್ತು ಹೆಜ್ಜೆ ಒಳಗೆ ಹೋದಾಗ ಬೂಟು ಪಚಕ್ಕನೆ ಹೂತಿತು. ಆಗಸ್ಟ್ ತಿಂಗಳಲ್ಲಿ ಕೆಸರು! ಇನ್ನೂ ಮೂರು ಹೆಜ್ಜೆಗೆ ಹಸಿರು ಬಣ್ಣ ಬಳಿದ ಹಳೆಯ ಡ್ರಮ್ಮೊಂದು ಸಿಕ್ಕಿತು, ಬಾಯಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅದರೊಳಗೆ ಒಂದು ಕಪ್ಪು ಪೈಪು ಬಾಯಿಟ್ಟುಕೊಂಡು ಗೊಳಗೊಳ ನೀರು ಸುರಿಯುತ್ತಿತ್ತು.

"ವೆಂಡೆಲ್..." ಎಂದಳು ಡೆಲ್ಫೀನ್.

ವೆಂಡೆಲ್ ಅವಳ ಗಂಡ, ತೀರಿಹೋಗಿ ಒಂಬತ್ತು ವರ್ಷ. ಹೆಲಿಕಾಪ್ಟರಿನ ಕಾಲದಲ್ಲಿ ಪೈಪು ಬಚ್ಚಿಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಎಲ್ಲಿ ಹೂತಿದ್ದಾನೆಂದು ಹೆಂಡತಿಗೂ ಹೇಳುತ್ತಿರಲಿಲ್ಲ. ಆಗ ಕಣಿವೆಯ ಕಾನೂನೇ ಹಾಗಿತ್ತು: ಗೊತ್ತಿಲ್ಲದ್ದನ್ನು ಯಾವ ಪೊಲೀಸನೂ ಬಾಯಿ ಬಿಡಿಸಲಾರ. ಲೈಸೆನ್ಸ್ ತೆಗೆದುಕೊಳ್ಳುವಾಗ ಡೆಲ್ಫೀನ್ ತನಗೆ ತಿಳಿದಿದ್ದ ಹನ್ನೊಂದು ಪೈಪುಗಳನ್ನು ಕೈಯಾರೆ ಕಿತ್ತು ಹಾಕಿದ್ದಳು. ಇದು ಹನ್ನೆರಡನೆಯದು. ಇಷ್ಟು ವರ್ಷ ಹೂಳು ತುಂಬಿ ಕಟ್ಟಿಕೊಂಡಿದ್ದದ್ದು, ಹಿಂದಿನ ಮಳೆಗಾಲದ ನೆರೆಯಲ್ಲಿ ಬಾಯಿ ತೆರೆದಿತ್ತು.

ಪೈಪನ್ನು ಎಳೆಯುತ್ತಾ, ಎಲೆಯೊಳಗಿಂದ, ಬೇರಿನೊಳಗಿಂದ ಅದರ ಜಾಡು ಹಿಡಿದು ಮೇಲಕ್ಕೆ ನಡೆದರು. ಹಳ್ಳದಂಚಿನ ಮರವೊಂದರ ಬುಡದಲ್ಲಿ ಅದು ನೀರಿಗಿಳಿದಿತ್ತು. ನೆಡ್ರಾ ಅಂಗಿಯ ತೋಳು ಮಡಿಸಿ ಕೈ ಹಾಕಿ, ಎರಡು ಕಲ್ಲು ಸರಿಸಿ, ಪೈಪಿನ ತುದಿಯನ್ನು ಮೇಲೆತ್ತಿದಳು. ಕಸ ಒಳಗೆ ಹೋಗದಂತೆ ತುದಿಗೆ ಏನೋ ಮುಚ್ಚಿ ತಂತಿಯಿಂದ ಬಿಗಿದಿತ್ತು. ಪಾಚಿ ಒರೆಸಿದಾಗ ನೀಲಿ ಬಣ್ಣ ಕಂಡಿತು. ಆಮೇಲೆ ನಕ್ಷತ್ರದಾಕಾರದ ತೂತುಗಳು.

ಡೆಲ್ಫೀನ್ ನೀರಿನಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟಳು.

"ಪ್ಲಮ್ ಹಣ್ಣು ಯಾರು ತಿಂದ್ರು ಅಂತ ಈಗ ಗೊತ್ತಾಯ್ತು," ಎಂದಳು ನೆಡ್ರಾ. "ಆ ವೆಂಡೆಲ್‌ಗೆ ಮೊದಲಿಂದ್ಲೂ ಪ್ಲಮ್ ಅಂದ್ರೆ ಪ್ರಾಣ."

"ನೆಡ್ರಾ..."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಲಂತೆ ಯಾವಳೋ. ನೀನು ಹುಡುಕೋದಷ್ಟೇ ಅಲ್ಲ ಮಾರಾಯ್ತಿ, ಊರೋರನ್ನೆಲ್ಲ ಬೈದೂ ಬಂದೆ." ಹೇಳುತ್ತಾ ಹೇಳುತ್ತಾ ನೆಡ್ರಾಳಿಗೆ ನಗು ಉಕ್ಕಿತು. ಮರ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಡೆಲ್ಫೀನಳಿಗೂ ಕಣ್ಣಲ್ಲಿ ನೀರು ಬಂತು, ಆದರೆ ಅದು ನಗುವಿನದಲ್ಲ. ತನ್ನ ಹೆರಿಗೆ ಮಾಡಿಸಿದವಳ ಗಂಡ ಸತ್ತಾಗಲೂ ತಾನು ಅವಳ ಮನೆಗೆ ಹೋಗಿರಲಿಲ್ಲ ಎನ್ನುವುದು ನೆನಪಾಯಿತು.

ನೆಡ್ರಾ ನಗು ನಿಲ್ಲಿಸಿ ಪಕ್ಕದಲ್ಲಿ ಬಂದು ಕೂತಳು. "ನೋಡು, ಪೈಪು ಕಿತ್ತಾಯ್ತು, ನೀರು ಇಳಿಯುತ್ತೆ. ಇಲ್ಲಿಗೇ ಬಿಡೋಣ. ನಾನಂತೂ ಯಾರಿಗೂ ಹೇಳಲ್ಲ."

ಬಿಡೋಣ ಎಂದು ಡೆಲ್ಫೀನಳಿಗೂ ಅನಿಸಿತು, ಸುಳ್ಳು ಹೇಳಬಾರದು. ಊರಿಗೆಲ್ಲ ಶಾಸ್ತ್ರ ಹೇಳಿ ತಾನು ಬದನೆಕಾಯಿ ತಿಂದವಳು ಎಂದು ಜನ ಆಡಿಕೊಳ್ಳುವುದನ್ನು ನೆನೆದರೇ ಮೈ ಬಿಸಿಯಾಗುತ್ತಿತ್ತು. ಆದರೆ ಕಳ್ಳ ಯಾರೆಂದು ತಿಳಿಯದಿದ್ದರೆ ಎಲ್ಲರೂ ನೆಡ್ರಾ ಎಂದೇ ನಂಬುತ್ತಾರೆ, ಹಾಗೆ ನಂಬಿಸಿದವಳು ತಾನೇ.

"ಭಾನುವಾರ ನೀನು ಮುಂದಿನ ಸಾಲಲ್ಲಿ ಕೂತ್ಕೊ," ಎಂದಳು.

ಭಾನುವಾರ ಶೆಡ್ಡು ತುಂಬಿತ್ತು. ಮೇಜಿನ ಮೇಲೆ ಜೋಳ, ಬೀನ್ಸ್, ಸುಟ್ಟ ಮಾಂಸ ಎಲ್ಲ ಇತ್ತು, ಯಾರೂ ಕೈಯಿಟ್ಟಿರಲಿಲ್ಲ. ಹೋಬರ್ಟ್ ಹಲಗೆಯ ಪಕ್ಕದಲ್ಲೇ ನಿಂತಿದ್ದ. ಡೆಲ್ಫೀನ್ ಬೋಗುಣಿಯನ್ನು ಎತ್ತಿ ಹಿಡಿದು ಎದ್ದು ನಿಂತಳು.

"ಕಳ್ಳಿ ಸಿಕ್ಕಿದಾಳೆ. ನಾನೇ. ಇದು ನನ್ನ ಪೈಪಿನ ಬಾಯಲ್ಲಿತ್ತು, ನನ್ನ ಗಂಡ ಹೂತಿಟ್ಟದ್ದು. ನನಗೆ ಗೊತ್ತಿರ್ಲಿಲ್ಲ, ಆದ್ರೆ ನೀರು ಕುಡಿದದ್ದು ನನ್ನ ಹಿತ್ತಲು. ನೀವೆಲ್ಲ ತಿಂದ ಜಾಮ್ ಅದೇ ನೀರಿಂದು." ಬೋಗುಣಿಯನ್ನು ಇನ್ನೂ ಮೇಲಕ್ಕೆ ಹಿಡಿದಳು. "ಇನ್ನೊಂದು ಮಾತು. ನೆಡ್ರಾ ಈ ಬೋಗುಣೀನ ಅವತ್ತೇ ವಾಪಸ್ ಕೊಟ್ಟಿದ್ಲು. ಮೂವತ್ತೇಳು ವರ್ಷ ಅವಳನ್ನ ಕಳ್ಳಿ ಅಂದೆ. ತಪ್ಪಾಯ್ತು ಕಣೇ ನೆಡ್ರಾ."

ಹೋಬರ್ಟ್ ಕೇಳಿದ: "ಅಂದ್ರೆ ನಾವೆಲ್ಲ ಕಳ್ಳಮಾಲು ತಿಂದ್ವಾ? ನಾನು ನಾಲ್ಕು ಬಾಟ್ಲಿ ಮುಗಿಸಿದೀನಲ್ಲ!"

ಅಷ್ಟು ಸಾಕಾಯಿತು. ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರು. ಹೋಬರ್ಟನ ಹಿಡಿ ಮೊಳೆಯಲ್ಲೇ ಉಳಿಯಿತು.

ನಿಯಮ ಮಾತ್ರ ನಿಯಮ. ಬೇಡ ಎಂದು ನಾಲ್ಕು ಜನ ಹೇಳಿದರೂ ಡೆಲ್ಫೀನ್ ಒಪ್ಪಲಿಲ್ಲ. ಮರುದಿನದಿಂದ ತನ್ನ ಟ್ಯಾಂಕಿನ ನೀರನ್ನು ಹಳ್ಳಕ್ಕೆ ಬಿಟ್ಟಳು. ಬಿಸಿಲಿಗೆ ಕಾದ ನೀರು ನೇರ ಬಿದ್ದರೆ ಮರಿಗಳಿಗೆ ಆಗುವುದಿಲ್ಲವೆಂದು, ಇಮೆಲ್ಡಾ ಹೇಳಿದ ಹಾಗೆ, ನೆರಳಿನ ಜಲ್ಲಿಯೊಳಗಿಂದ ಹನಿಹನಿಯಾಗಿ ಇಳಿಯುವಂತೆ ಮಾಡಿದಳು. ಐವತ್ತು ಗಿಡದಲ್ಲಿ ಇಪ್ಪತ್ತೆರಡನ್ನು ಕೈಬಿಡಬೇಕಾಯಿತು. ಒಂದೊಂದಕ್ಕೂ ಕ್ಷಮೆ ಕೇಳಿ ಕಿತ್ತಳಂತೆ. ಸೆಪ್ಟೆಂಬರಿನಲ್ಲಿ ಅವಳ ಟ್ಯಾಂಕು ತಳ ಕಂಡಾಗ ಆಚೆ ದಡದಿಂದ ನೆಡ್ರಾಳ ಪೈಪು ಬಂದು ಅದೇ ಜಲ್ಲಿಗೆ ಬಾಯಿಟ್ಟಿತು. "ನಿನಗಲ್ಲ ಕಣೇ, ಮೀನಿಗೆ," ಎಂದಳು ನೆಡ್ರಾ. ಅಕ್ಟೋಬರ್ ಹದಿನೇಳಕ್ಕೆ ಮಳೆ ಬಿತ್ತು. ಮುದುಕಿಯರಿಬ್ಬರೂ ಒಂದೇ ಟಾರ್ಪಾಲಿನ ಕೆಳಗೆ ಮಲಗಿ ಎಣಿಸಿದರು. ಐವತ್ತೆಂಟು ಮರಿಗಳಿದ್ದವು.

ಆ ಭಾನುವಾರದ ಮಾತು ಒಂದು ಉಳಿದಿದೆ. ಊಟ ಮುಗಿದು ಎಲ್ಲರೂ ಪಾತ್ರೆ ಎತ್ತಿಕೊಳ್ಳುವಾಗ ನೆಡ್ರಾ ಬೋಗುಣಿಯನ್ನು ಕಂಕುಳಿಗೆ ಸೇರಿಸಿ ಹೊರಟಳು.

"ಎಲ್ಲಿಗೇ ಅದು?" ಎಂದಳು ಡೆಲ್ಫೀನ್.

"ನನ್ನ ಮನೆಗೆ. ಮೂವತ್ತೇಳು ವರ್ಷ ಕಳ್ಳಿ ಅನ್ನಿಸ್ಕೊಂಡಿದೀನಿ, ಒಂದಿನಾದ್ರೂ ಕದೀತೀನಿ. ವಾಪಸ್ ಕೊಡಲ್ಲ."

"ಕೊಡ್ಬೇಡ," ಎಂದಳು ಡೆಲ್ಫೀನ್. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾವು ಅದೇ ಮೊದಲು ಕೇಳಿದ್ದು.

ಮರುದಿನ ಬೆಳಗ್ಗೆ ಮೀನು ಎಣಿಸಲು ಹೊರಟವಳ ಬೂಟಿಗೆ ಏನೋ ತಾಗಿತು. ಮೆಟ್ಟಿಲ ಮೇಲೆ ಬೋಗುಣಿ, ತುಂಬಾ ಪ್ಲಮ್ ಹಣ್ಣು. ಅಲ್ಲಿಯೇ ಕೂತು ಒಂದನ್ನೂ ಬಿಡದೆ ತಿಂದಳು. ಆಮೇಲೆ ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅದಕ್ಕೆ ಟೊಮೆಟೊ ತುಂಬಿ ಆಚೆ ದಡಕ್ಕೆ ಒಯ್ದಳು. ಅದರಲ್ಲಿ ಅಂಜೂರ ತುಂಬಿ ಬಂತು. ಇವತ್ತಿಗೂ ಆ ಬೋಗುಣಿ ವಾರಕ್ಕೊಮ್ಮೆ ಹಳ್ಳ ದಾಟುತ್ತಲೇ ಇದೆ. ಯಾರದು ಅದು ಎಂದು ಕೇಳಿದರೆ ಇಬ್ಬರೂ ಆಚೆ ದಡದ ಕಡೆ ಕೈ ತೋರಿಸಿ 'ಅವಳದು' ಎನ್ನುತ್ತಾರೆ.